ಪಿತೃಗಳ ಕೋಪ, ಜಠೇರೆ, ನಾಮ ಸಿಮರನ್: ಸತ್ತವರ ಭಯದ ಬಗ್ಗೆ ಸಿಖ್ ಧರ್ಮ ನಿಜಕ್ಕೂ ಏನು ಹೇಳತ್ತೆ?

ಪಂಜಾಬಿನ ಒಂದು ಹಳ್ಳಿ ಮನೇಲಿ ಮೇಲಿಂದ ಮೇಲೆ ಕೆಟ್ಟದ್ದೇ ಆಗ್ತಿದೆ ಅಂತ ಇಟ್ಕೊಳ್ಳಿ, ಮಗುಗೆ ಜ್ವರ ಬಿಡ್ತಿಲ್ಲ, ಎಮ್ಮೆ ಹಾಲು ಕಮ್ಮಿ ಮಾಡಿದೆ, ದೊಡ್ಡ ಮಗನ ಕೆನಡಾ ವೀಸಾ ಮತ್ತೆ ರಿಜೆಕ್ಟ್ ಆಯ್ತು, ಸೊಸೆಗೆ ರಾತ್ರಿ ನಿದ್ದೆ ಇಲ್ಲ. ಆಗ ಮನೆಯ ಹಿರಿ ಹೆಂಗಸು ಒಬ್ರು ಕೇಳ್ತಾರೆ, ಜಠೇರೆಗೆ ಹೋಗಿ ದೀಪ ಹಚ್ಚಿ ಎಷ್ಟು ದಿನ ಆಯ್ತು ಅಂತ. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, ಇಂಥ ಊರಲ್ಲಿ ಒಬ್ಬ ಸಿಯಾಣಾ ಇದಾನೆ, ಅಂದ್ರೆ ನಮ್ಮ ಕಡೆ ಶಾಸ್ತ್ರ ಹೇಳೋನು, ಯಂತ್ರ ಕಟ್ಟೋನು ಅಂತೀವಲ್ಲ ಅಂಥವನು, ಅವನ ಹತ್ರ ಒಂದ್ಸಲ ತೋರಿಸ್ಕೊಂಡು ಬನ್ನಿ ಅಂತಾರೆ. ಆತ ಸ್ವಲ್ಪ ಹೊತ್ತು ಕಣ್ಮುಚ್ಚಿ ಕೂತು, ನಿಮ್ಮ ವಂಶದಲ್ಲಿ ಮದ್ವೆ ಆಗದೆ ಸತ್ತ ಗಂಡಸು ಒಬ್ಬ ಇದಾನೆ, ಅವನಿಗೆ ಶಾಂತಿ ಸಿಕ್ಕಿಲ್ಲ ಅಂತಾನೆ. ನಾಲ್ಕು ತಲೆಮಾರು ಹಿಂದಕ್ಕೆ ಹೋದ್ರೆ ಯಾರ ವಂಶದಲ್ಲಿ ತಾನೆ ಅಂಥ ಒಬ್ಬ ಇರಲ್ಲ ಹೇಳಿ.

ಇದನ್ನ ಕೇಳಿದ ನಮ್ಮವರಿಗೆ ಆಶ್ಚರ್ಯ ಆಗತ್ತೆ. ಸಿಖ್ಖರಲ್ಲಿ ಮೂರ್ತಿ ಪೂಜೆ ಇಲ್ಲ, ಶ್ರಾದ್ಧ ಇಲ್ಲ, ಮುಹೂರ್ತ ಇಲ್ಲ ಅಂತ ಕೇಳಿರ್ತೀವಿ, ಮತ್ತೆ ಇದೇನು? ಸಿಖ್ಖರನ್ನೇ ಕೇಳಿದ್ರೆ ಮೂರು ಥರ ಉತ್ತರ ಬರತ್ತೆ. ಒಬ್ರು ದೆವ್ವ ಪಿತೃ ಎಲ್ಲ ಸುಳ್ಳು, ನಮ್ಮ ಧರ್ಮದಲ್ಲಿ ಅದೇನೂ ಇಲ್ಲ ಅಂತಾರೆ. ಇನ್ನೊಬ್ರು ಇದೆ, ಆದ್ರೆ ವಾಹೆಗುರು ಅಂತ ದೇವರ ಹೆಸರು ಹೇಳಿದ್ರೆ ಓಡಿಹೋಗತ್ತೆ ಅಂತಾರೆ. ಮೂರನೆಯವರು ಇದಕ್ಕೆ ಅಂತಾನೇ ಬೇರೆ ಪಾಠ, ಅಂದ್ರೆ ಪಾರಾಯಣ, ಇದೆ, ನಲವತ್ತು ದಿನ ಓದ್ಸಿ ಅಂತ ಸಲಹೆ ಕೊಡ್ತಾರೆ. ನನಗನ್ಸೋದು ಏನಂದ್ರೆ ಸಿಖ್ ಗುರುಗಳು ಹೇಳಿದ್ದು ಈ ಮೂರರಲ್ಲಿ ಯಾವ್ದೂ ಅಲ್ಲ. ಅವರು ದೆವ್ವ ಇದೆಯೋ ಇಲ್ವೋ ಅಂತ ವಾದ ಮಾಡೋಕೇ ಹೋಗ್ಲಿಲ್ಲ, ಸತ್ತವರಿಗೂ ಬದುಕಿರೋರಿಗೂ ನಡುವೆ ಒಂದು ಕೊಡು-ಕೊಳ್ಳೋ ಲೆಕ್ಕ ಇದೆ ಅನ್ನೋ ಐಡಿಯಾನೇ ಬುಡಸಮೇತ ಕಿತ್ತರು. ಅದು ಹೇಗೆ ಅಂತ ನೋಡೋಣ, ಆದ್ರೆ ಅದಕ್ಕೆ ಮುಂಚೆ ಈ ಜಠೇರೆ ಅಂದ್ರೇನು ಅಂತ ಗೊತ್ತಿರಬೇಕು.

ಪಂಜಾಬಲ್ಲಿ ಸಿಧು, ಸಂಧು, ಗಿಲ್, ಧಿಲ್ಲೋಂ ಅಂತ ಹೆಸರಿನ ಕೊನೇಲಿ ಬರತ್ತಲ್ಲ, ಅವು ಗೋತ್, ನಮ್ಮ ಬೆಡಗು ಬಳಿ ಇದ್ದಂಗೆ. ಒಂದೊಂದು ಗೋತಿಗೂ ಒಬ್ಬ ಮೂಲಪುರುಷ, ಅವನ ಹೆಸರಲ್ಲಿ ಯಾವ್ದಾದ್ರೂ ಮೂಲ ಹಳ್ಳಿಯ ಹೊರಗೆ ಒಂದು ಗುಡ್ಡೆ ಅಥವಾ ಸಣ್ಣ ಸಮಾಧಿ, ಪಕ್ಕದಲ್ಲಿ ಹಳೇ ಮರ, ಹೆಚ್ಚಾಗಿ ಒಂದು ಕೆರೆ. ಸಂಧುಗಳಿಗೆ ಕಾಲಾ ಮೆಹರ್ ಅಂತ ಇದ್ದಂಗೆ. ಅದೇ ಜಠೇರೆ. ಮದ್ವೆ ಆದ್ಮೇಲೆ ಹೊಸ ಜೋಡಿ ಅಲ್ಲಿಗೆ ಹೋಗಿ ತಲೆ ಬಾಗಿಸ್ಬೇಕು, ಗಂಡು ಮಗು ಹುಟ್ಟಿದ್ರೆ ಹೋಗ್ಬೇಕು, ಅಮಾವಾಸ್ಯೆ ದಿನ ದೀಪ ಹಚ್ಚಿ ಹಾಲೋ ಖೀರೋ ಇಡ್ಬೇಕು, ಕೆಲವು ಕಡೆ ಆ ಕೆರೆಯಿಂದ ಕೈಯಲ್ಲಿ ಮಣ್ಣು ತೆಗೆದು ದಂಡೆಗೆ ಹಾಕೋ ಪದ್ಧತಿನೂ ಇದೆ. ಊರು ಬಿಟ್ಟು ಬೇರೆ ಕಡೆ ನೆಲೆ ನಿಂತವರು ಹಳೇ ಜಾಗದಿಂದ ಒಂದು ಇಟ್ಟಿಗೆ ತಂದು ಹೊಸ ಊರಲ್ಲಿ ಜಠೇರೆ ಕಟ್ಕೊಳ್ಳೋದೂ ಉಂಟು. ಇದ್ರಲ್ಲಿ ಭಯಕ್ಕಿಂತ ನೆನಪೇ ಜಾಸ್ತಿ ಅಂತ ಮೇಲ್ನೋಟಕ್ಕೆ ಅನ್ಸತ್ತೆ, ಈಗಂತೂ ವರ್ಷಕ್ಕೊಂದ್ಸಲ ಇಡೀ ಗೋತು ಸೇರಿ ಮೇಳ ಮಾಡಿ ಲಂಗರ್, ಅಂದ್ರೆ ಎಲ್ರಿಗೂ ಊಟ, ಹಾಕ್ತಾರೆ, ವಿದೇಶದಲ್ಲಿರೋರು ದುಡ್ಡು ಕಳಿಸಿ ಮಾರ್ಬಲ್ ಹಾಕಿಸ್ತಾರೆ. ಆದ್ರೆ ಹೋಗ್ದೇ ಇದ್ರೆ ಏನಾಗತ್ತೆ ಅಂತ ಕೇಳಿ ನೋಡಿ, ಆಗ ಭಯ ಹೊರಗೆ ಬರತ್ತೆ.

ಇದರ ಜೊತೆಗೆ ಇನ್ನೂ ಕೆಲವು ಕಲಸಿಕೊಂಡಿದೆ. ಹೊಲದ ಅಂಚಲ್ಲಿ ಸುಣ್ಣ ಬಳಿದ ಪುಟ್ಟ ಗೂಡು ಇರತ್ತೆ, ಅದಕ್ಕೆ ಮಢೀ ಅಂತಾರೆ, ಅಕಾಲ ಮರಣ ಆದವನದ್ದು, ಅಲ್ಲಿ ದೀಪ. ಊರಾಚೆ ಪೀರನ ಗೋರಿ ಇರತ್ತೆ, 1947ರಲ್ಲಿ ಮುಸ್ಲಿಮರು ಊರು ಖಾಲಿ ಮಾಡಿ ಹೋದ್ಮೇಲೂ ಎಷ್ಟೋ ಕಡೆ ಸಿಖ್ಖರೇ ಅದಕ್ಕೆ ಚಾದರ ಹಾಕಿ ಗುರುವಾರ ದೀಪ ಹಚ್ಕೊಂಡು ಬಂದಿದಾರೆ. ಹಾವಿನ ಭಯಕ್ಕೆ ಗುಗ್ಗಾ, ಸಿಡುಬಿಗೆ ಸೀತಲಾ. ಇದ್ದಕ್ಕಿದ್ದಂಗೆ ಒಬ್ಬಳು ತಲೆ ಕೆದರ್ಕೊಂಡು ಬೇರೆ ದನಿಯಲ್ಲಿ ಮಾತಾಡಿದ್ರೆ ಓಪ್ರೀ ಕಸರ್, ಅಂದ್ರೆ ಗಾಳಿ ಸೋಕು. ಶ್ರಾದ್ಧ ಪಕ್ಷದಲ್ಲಿ ಸಿಖ್ ಹೆಸರಿನ ಮನೆಗಳಲ್ಲೂ ಕೆಲವರು ಸದ್ದಿಲ್ಲದೆ ಪಂಡಿತರನ್ನ ಕರೆದು ಊಟ ಹಾಕಿಸ್ತಾರೆ.

ಈಗ ಗುರು ನಾನಕರ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1469, ಹೋಗಿದ್ದು 1539. ಹರಿದ್ವಾರದ ಕತೆ ತುಂಬ ಜನಕ್ಕೆ ಗೊತ್ತು, ಎಲ್ರೂ ಗಂಗೇಲಿ ನಿಂತು ಪೂರ್ವಕ್ಕೆ ನೀರು ಬಿಡ್ತಿದ್ರೆ ಇವರು ಪಶ್ಚಿಮಕ್ಕೆ ತಿರುಗಿ ಎರಚೋಕೆ ಶುರು ಮಾಡಿದ್ರು, ಯಾಕಪ್ಪಾ ಅಂದ್ರೆ ಪಂಜಾಬಲ್ಲಿರೋ ನನ್ನ ಹೊಲಕ್ಕೆ ನೀರು ಹಾಯಿಸ್ತಿದೀನಿ, ನೀವು ಬಿಟ್ಟ ನೀರು ಪರಲೋಕದ ಪಿತೃಗಳಿಗೆ ಮುಟ್ಟೋದಾದ್ರೆ ಇಲ್ಲೇ ಇರೋ ನನ್ನ ಹೊಲಕ್ಕೆ ಯಾಕೆ ಮುಟ್ಟಲ್ಲ ಅಂದ್ರಂತೆ. ಇದು ಜನಮಸಾಖಿಯ ಕತೆ, ಅಂದ್ರೆ ನಾನಕರು ಹೋಗಿ ಎಷ್ಟೋ ಕಾಲ ಆದ್ಮೇಲೆ ಭಕ್ತರು ಬರೆದಿಟ್ಟಿದ್ದು, ಹಂಗೇ ನಡೀತು ಅಂತ ಇತಿಹಾಸದ ಗ್ಯಾರಂಟಿ ಯಾರೂ ಕೊಡಲ್ಲ. ಆದ್ರೆ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬಲ್ಲಿ ನಾನಕರದ್ದೇ ಪದ್ಯ ಇದೆ, ಆಸಾ ದೀ ವಾರ್ ಅಂತ ಇವತ್ತಿಗೂ ಬೆಳಗಿನ ಜಾವ ಗುರುದ್ವಾರಗಳಲ್ಲಿ ಹಾಡೋ ದೊಡ್ಡ ರಚನೆ ಒಳಗೆ, ಅದು ಕತೆಗಿಂತ ಖಾರ. ಕಳ್ಳನೊಬ್ಬ ಒಂದು ಮನೆ ದೋಚಿ ಆ ಮಾಲನ್ನ ತನ್ನ ಪಿತೃಗಳಿಗೆ ಅರ್ಪಿಸಿದ ಅಂತ ಇಟ್ಕೊಳ್ಳಿ, ಪರಲೋಕದಲ್ಲಿ ಆ ಮಾಲು ಯಾರದ್ದು ಅಂತ ಗುರುತು ಸಿಗತ್ತೆ, ಆಗ ಪಾಪ ಪಿತೃಗಳೇ ಕಳ್ಳರಾಗ್ತಾರೆ, ಮಾಲು ದಾಟಿಸಿದ ದಲ್ಲಾಳಿ ಕೈ ಕಡೀತಾರೆ, ನ್ಯಾಯ ಅಂದ್ರೆ ಹಾಗೆ. ಕೊನೇ ಸಾಲಲ್ಲಿ ನಾನಕ್ ಹೇಳೋದು, ದುಡಿದು ಗಳಿಸಿದ್ದರಲ್ಲಿ ಏನು ಕೊಡ್ತೀಯೋ ಅದು ಮಾತ್ರ ಮುಂದಕ್ಕೆ ಸಿಗತ್ತೆ ಅಂತ.

ಇಲ್ಲಿ ನೋಡಿ, ಪಿತೃಲೋಕ ಅನ್ನೋದೇ ಇಲ್ಲ ಅಂತ ಅವರು ಹೇಳ್ಲಿಲ್ಲ. ಎದುರಿನವನ ನಂಬಿಕೆನ ಒಂದು ನಿಮಿಷ ಒಪ್ಕೊಂಡು, ಸರಿ ಹಂಗಾದ್ರೆ ನಿಮ್ಮ ಲೆಕ್ಕದ ಪ್ರಕಾರನೇ ಏನಾಗತ್ತೆ ನೋಡೋಣ ಅಂತ ಕೊನೇವರೆಗೂ ಎಳೀತಾರೆ. ದಲ್ಲಾಳಿ ಅಂತ ಯಾರನ್ನ ಕರೆದ್ರು ಅಂತ ಬಿಡಿಸಿ ಹೇಳ್ಬೇಕಿಲ್ಲ. ಅದೇ ಆಸಾ ದೀ ವಾರಲ್ಲಿ ಸೂತಕದ ಬಗ್ಗೆನೂ ಹಿಂಗೇ, ಸೂತಕ ಅಂತ ಒಪ್ಕೊಂಡ್ರೆ ಎಲ್ಲಾ ಕಡೆ ಸೂತಕನೇ, ಬೆರಣಿಯಲ್ಲಿ ಹುಳ ಇದೆ, ಸೌದೇಲಿ ಹುಳ ಇದೆ, ಕಾಳಿನಲ್ಲಿ ಒಂದೂ ಜೀವ ಇಲ್ಲದೇ ಇಲ್ಲ, ಅಡುಗೆಮನೆಗೆ ಬಂದ ಸೂತಕನ ಹೆಂಗೆ ತಪ್ಪಿಸ್ತೀರಾ ಅಂತ.

ಲಾಹೋರಿನ ದುನೀಚಂದನ ಕತೆನೂ ಹೇಳ್ಬೇಕು. ದೊಡ್ಡ ಶ್ರೀಮಂತ, ಅಪ್ಪನ ಶ್ರಾದ್ಧಕ್ಕೆ ನೂರು ಬ್ರಾಹ್ಮಣರಿಗೆ ಊಟ ಹಾಕ್ತಿದ್ದ. ಊಟ ನಿಮ್ಮಪ್ಪನಿಗೆ ಮುಟ್ಟಿಲ್ಲ, ಅವನು ತೋಳ ಆಗಿ ಹಸ್ಕೊಂಡು ಅಲ್ಲಿ ಪೊದೆ ಹತ್ರ ಕೂತಿದಾನೆ ಅಂತ ನಾನಕರು ಹೇಳಿದ್ರಂತೆ. ಅವನ ಮನೆ ಮೇಲೆ ಇದ್ದ ಒಂದೊಂದು ಬಾವುಟನೂ ಇಷ್ಟಿಷ್ಟು ಸಂಪತ್ತು ಅಂತ ಲೆಕ್ಕ, ಅದನ್ನ ನೋಡಿ ಒಂದು ಸೂಜಿ ಕೊಟ್ಟು, ಇದನ್ನ ಇಟ್ಕೊಂಡಿರು, ಪರಲೋಕದಲ್ಲಿ ವಾಪಸ್ ಇಸ್ಕೋತೀನಿ ಅಂದ್ರು. ಸೂಜಿನ ಆಚೆಗೆ ಒಯ್ಯೋಕಾಗಲ್ಲ ಅಂತ ಅವನ ಹೆಂಡತಿಗೇ ಮೊದ್ಲು ಹೊಳೀತಂತೆ. ಒಂದು ತಮಾಷೆ ಗಮನಿಸಿದ್ರಾ, ಶ್ರಾದ್ಧ ವ್ಯರ್ಥ ಅಂತ ತೋರಿಸೋ ಕತೇಲೇ ಅಪ್ಪ ತೋಳ ಆಗಿ ಹುಟ್ಟಿದಾನೆ. ಹಳೇ ಕಾಲದ ಸಿಖ್ಖರು ಪುನರ್ಜನ್ಮನ ಬಿಟ್ಟಿರಲಿಲ್ಲ, ಈಗ್ಲೂ ಬಿಟ್ಟಿಲ್ಲ, ಬಿಟ್ಟಿದ್ದು ಇಲ್ಲಿಂದ ಅಲ್ಲಿಗೆ ಪಾರ್ಸೆಲ್ ಕಳಿಸ್ಬೋದು ಅನ್ನೋದನ್ನ.

ಗುರು ಗ್ರಂಥ ಸಾಹಿಬಲ್ಲಿ ಗುರುಗಳ ಜೊತೆಗೆ ಬೇರೆ ಬೇರೆ ಕಡೆಯ ಭಗತರ ವಾಣಿನೂ ಇದೆ. ಕಬೀರ್ ಹೇಳೋದು, ಜೀವತ್ ಪಿತರ್ ನ ಮಾನೈ ಕೋಊ, ಮೂಏ ಸಿರಾಧ್ ಕರಾಹೀ, ಬದುಕಿರೋ ಹಿರಿಯರನ್ನ ಯಾರೂ ಕೇರ್ ಮಾಡಲ್ಲ, ಸತ್ತ ಮೇಲೆ ಶ್ರಾದ್ಧ ಮಾಡ್ತಾರೆ, ಪಾಪ ಆ ಪಿತೃಗಳಿಗೆ ಏನು ಸಿಗತ್ತೆ, ಕಾಗೆ ನಾಯಿ ತಿಂದುಕೊಂಡು ಹೋಗ್ತಾವೆ. ನಾಮದೇವರು, ನಮ್ಮ ಕಡೆಯವರೂ ಪಂಢರಪುರಕ್ಕೆ ಹೋಗ್ತಾರಲ್ಲ ಅದೇ ವಿಠಲನ ನಾಮದೇವರು, ಅವರ ಪದನೂ ಇದ್ರಲ್ಲಿದೆ, ಭೈರವ ಭೂತ ಸೀತಲಾ ಅಂತ ಓಡೋನು ಕೊನೆಗೆ ಕತ್ತೆ ಏರಿ ಧೂಳೆಬ್ಬಿಸ್ಕೊಂಡು ತಿರುಗ್ತಾನೆ ಅಂತ. ಸೀತಲಾ ದೇವಿ ವಾಹನ ಕತ್ತೆ, ಅದಕ್ಕೇ ಆ ಏಟು. ನಾನಕರಿಗಂತೂ ಜನ ದೆವ್ವ ಅಂತಾನೇ ಹೆಸರಿಟ್ಟಿದ್ರು, ಅವರೇ ಒಂದು ಕಡೆ ಹಾಡಿದಾರೆ, ಕೆಲವರು ನನ್ನ ಭೂತ ಅಂತಾರೆ, ಕೆಲವರು ಬೇತಾಳ ಅಂತಾರೆ, ಕೆಲವರು ಪಾಪ ನಾನಕ್ ಬರೀ ಮನುಷ್ಯ ಅಂತಾರೆ ಅಂತ.

ಹಾಗಾದ್ರೆ ಗುರ್ಬಾಣಿಯಲ್ಲಿ, ಅಂದ್ರೆ ಗುರು ಗ್ರಂಥದ ವಾಣಿಯಲ್ಲಿ, ಪ್ರೇತ ಅನ್ನೋ ಮಾತೇ ಇಲ್ವಾ? ಇದೆ, ಸಾಕಷ್ಟು ಸಲ ಇದೆ, ಗೊಂದಲ ಶುರು ಆಗೋದೇ ಇಲ್ಲಿಂದ. ತ್ರಿಲೋಚನ ಅನ್ನೋ ಭಗತರ ಒಂದು ಪದ ಇದೆ, ಸಾಯೋ ಹೊತ್ತಲ್ಲಿ ಯಾರು ದುಡ್ಡನ್ನೇ ನೆನೀತಾ ಸಾಯ್ತಾರೋ ಅವರು ಹಾವಾಗಿ ಹುಟ್ತಾರೆ, ಮನೆ ಮಾಳಿಗೆ ನೆನೀತಾ ಸಾಯೋರು ಮತ್ತೆ ಮತ್ತೆ ಪ್ರೇತ ಆಗಿ ಬರ್ತಾರೆ ಅಂತ. ದಮ್ದಮೀ ಟಕ್ಸಾಲ್ ಥರದ ಸಂಪ್ರದಾಯದವರು ಇದನ್ನ ನೇರವಾಗಿ ತಗೋತಾರೆ, ಪ್ರೇತ ಜನ್ಮ ಅಂತ ಇದೆ ಅಂತಾರೆ. ಮಿಷನರಿ ಕಾಲೇಜುಗಳ ಕಡೆಯ ಪ್ರಚಾರಕರು, ಅಂದ್ರೆ ಸಿಖ್ ಮಿಷನರಿಗಳು, ಇದೆಲ್ಲ ಬದುಕಿರೋವಾಗಿನ ಮನಸ್ಥಿತಿ ಬಗ್ಗೆ ಹೇಳಿದ್ದು, ದುರಾಸೆಯವನು ಈಗ್ಲೇ ಪ್ರೇತ ಅಂತಾರೆ. ಅವರ ಕೈಗೆ ಗಟ್ಟಿ ಸಾಕ್ಷಿನೂ ಇದೆ, ಮೂರನೇ ಗುರು ಅಮರದಾಸರು ಮಾಯಾ ಮೋಹು ಪರೇತು ಹೈ ಅಂತ ಬಾಯ್ಬಿಟ್ಟೇ ಹೇಳಿದಾರೆ, ಜೊತೆಗೆ ಕಾಮ ಕ್ರೋಧ ಅಹಂಕಾರನೂ ಸೇರ್ಸಿ. ಕಬೀರ್ ಕೂಡ ಸಾಧುಗಳ ಸೇವೆ, ಹರಿಯ ಸೇವೆ ಇಲ್ಲದ ಮನೆ ಸ್ಮಶಾನ ಇದ್ದಂಗೆ, ಅಲ್ಲಿ ವಾಸ ಮಾಡೋವೇ ಭೂತಗಳು ಅಂತಾರೆ, ಅಂದ್ರೆ ಭೂತ ಅಂದ್ರೆ ಆ ಮನೆಯವರೇ.

ಈ ಎರಡು ಗುಂಪು ಎಷ್ಟೇ ಜಗಳ ಆಡ್ಲಿ, ಒಂದ್ರಲ್ಲಿ ಒಪ್ಪಿಗೆ ಇದೆ. ತ್ರಿಲೋಚನರ ಪದನ ನೇರವಾಗೇ ತಗೊಂಡ್ರೂ ಪ್ರೇತ ಆಗೋದಕ್ಕೆ ಕಾರಣ ಸತ್ತವನ ಆಸೆ, ಮೊಮ್ಮಗ ದೀಪ ಹಚ್ಚಲಿಲ್ಲ ಅನ್ನೋದಲ್ಲ. ನಿಮ್ಮಜ್ಜನ ಗತಿ ನಿಮ್ಮಜ್ಜನ ಕೈಲಿತ್ತು, ನಿಮ್ಮ ಗತಿ ನಿಮ್ಮ ಕೈಲಿದೆ, ಎರಡೂ ನಡೆಯೋದು ಹುಕಮ್ ಒಳಗೆ, ಅಂದ್ರೆ ದೇವರ ಇಚ್ಛೆ, ಆಜ್ಞೆ, ಲೋಕ ನಡೆಯೋ ನಿಯಮ ಎಲ್ಲ ಸೇರಿದ್ದು. ಸಿಖ್ಖರು ದಿನಾ ಬೆಳಗ್ಗೆ ಓದೋ ಜಪ್‌ಜೀ ಸಾಹಿಬಿನ ಮೊದಲನೇ ಪೌಡಿ, ಅಂದ್ರೆ ಪದ್ಯ, ಮುಗಿಯೋದೇ ಈ ಹುಕಮಿಗೆ ಒಪ್ಕೊಂಡು ನಡಿ ಅಂತ. ಹುಕಮಿನ ಹೊರಗೆ ನಿಂತು ಹಾಲು ತರಲಿಲ್ಲ ಅಂತ ಮುನಿಸ್ಕೊಂಡು ನಿಮ್ಮ ಮಗನ ವೀಸಾ ತಡೆಯೋ ಪಿತೃಗೆ ಈ ಲೋಕದೃಷ್ಟಿಯಲ್ಲಿ ಜಾಗನೇ ಇಲ್ಲ.

ಸಾವಿನ ಕರ್ಮಗಳಿಗೂ ಇದೇ ತರ್ಕ. ನಾನಕರ ಒಂದು ಪದ ಇದೆ, ನನ್ನ ದೀಪ ಅಂದ್ರೆ ದೇವರ ನಾಮ ಒಂದೇ, ನನ್ನ ಪಿಂಡ ಪತ್ರಾವಳಿ ಅಂದ್ರೆ ಕೇಶವ, ನನ್ನ ಕ್ರಿಯೆ ಅಂದ್ರೆ ಕರ್ತಾರನ ಸತ್ಯನಾಮ ಅಂತ. ಗುರು ಅಮರದಾಸರು 1574ರಲ್ಲಿ ಹೋಗೋ ಮುಂಚೆ ಮನೆಯವರನ್ನೆಲ್ಲ ಕೂರಿಸ್ಕೊಂಡು ನಾನು ಹೋದ್ಮೇಲೆ ಯಾರೂ ಅಳಬೇಡಿ, ಕೀರ್ತನೆ ಮಾಡಿ ಅಂದಿದ್ರು, ಅವರ ಮರಿಮಗ ಬಾಬಾ ಸುಂದರ್ ಬರೆದ ಆರು ಪದ್ಯದ ಸದ್ದ್ ಅನ್ನೋ ರಚನೇಲಿ ಇದು ಬರತ್ತೆ. ಅದ್ರಲ್ಲೇ ಪಂಡಿತರನ್ನ ಕರೀರಿ ಅನ್ನೋ ಸಾಲೂ ಇದೆ, ಅದು ನಿಜವಾದ ಪಂಡಿತರೋ ಅಥವಾ ದೇವರ ಗುಣ ಹಾಡೋ ಸಂತರೋ ಅಂತ ವ್ಯಾಖ್ಯಾನಕಾರರು ಇವತ್ತಿಗೂ ಎಳೆದಾಡ್ತಾರೆ, ಆ ಸಾಲನ್ನ ಮುಚ್ಚಿಟ್ಟು ಮಾತಾಡೋರೂ ಇದಾರೆ, ಅದು ಸರಿಯಲ್ಲ.

ಇಷ್ಟೆಲ್ಲ ಇದ್ರೂ 19ನೇ ಶತಮಾನದ ಹೊತ್ತಿಗೆ ಹಳ್ಳಿಗಳಲ್ಲಿ ಸಖೀ ಸರ್ವರ್ ಅನ್ನೋ ಪೀರ, ಗುಗ್ಗಾ, ಸೀತಲಾ, ಜಠೇರೆ ಎಲ್ಲ ಗುರು ಜೊತೆಗೇ ಆರಾಮಾಗಿ ನಡೀತಿತ್ತು, ಯಾರಿಗೂ ಅದ್ರಲ್ಲಿ ವಿರೋಧ ಕಾಣ್ತಿರಲಿಲ್ಲ. 1873ರಲ್ಲಿ ಅಮೃತಸರದಲ್ಲಿ, ಆಮೇಲೆ 1879ರಲ್ಲಿ ಲಾಹೋರಲ್ಲಿ ಸಿಂಗ್ ಸಭಾ ಅನ್ನೋ ಸುಧಾರಣೆ ಚಳುವಳಿ ಶುರುವಾಯ್ತು. ಅದ್ರಲ್ಲಿ ಗ್ಯಾನಿ ದಿತ್ತ್ ಸಿಂಗ್ ಅಂತ ಒಬ್ರು, ಕೆಳಜಾತಿ ಅಂತ ಕರೆಸ್ಕೊಂಡ ಮನೇಲಿ ಹುಟ್ಟಿ ಲಾಹೋರಿನ ಓರಿಯೆಂಟಲ್ ಕಾಲೇಜಲ್ಲಿ ಪಾಠ ಮಾಡಿದವರು, ಗುಗ್ಗಾ ಮತ್ತು ಸರ್ವರ್ ಪೂಜೆನ ಗೇಲಿ ಮಾಡಿ ಜನರ ಭಾಷೇಲಿ ಪುಸ್ತಿಕೆ ಮೇಲೆ ಪುಸ್ತಿಕೆ ಬರೆದ್ರು. 1905ರಲ್ಲಿ ಸ್ವರ್ಣ ಮಂದಿರದ ಪ್ರದಕ್ಷಿಣೆ ಹಾದಿಯಿಂದ ಮೂರ್ತಿಗಳನ್ನ ತೆಗೆಸಿದ್ರು. 1920ರಲ್ಲಿ ಗುರುದ್ವಾರಗಳನ್ನ ನೋಡ್ಕೊಳ್ಳೋ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ ಬಂತು, ಅದು 1945ರಲ್ಲಿ ಕೊನೇ ರೂಪ ಕೊಟ್ಟ ಸಿಖ್ ರೆಹತ್ ಮರ್ಯಾದಾ ಅನ್ನೋ ನಡಾವಳಿ ಇವತ್ತಿಗೂ ಜಾರಿಯಲ್ಲಿದೆ. ಅದ್ರಲ್ಲಿ ಯಂತ್ರ ಮಂತ್ರ ತಂತ್ರ, ಶಕುನ, ತಿಥಿ, ಮುಹೂರ್ತ, ಗ್ರಹ, ರಾಶಿ, ಶ್ರಾದ್ಧ, ಪಿತೃ, ಪಿಂಡ, ದೀಪ, ತರ್ಪಣ, ಗೋರಿ, ಮಢೀ ಅಂತ ಒಂದೇ ಉಸಿರಲ್ಲಿ ಪಟ್ಟಿ ಮಾಡಿ ಇದ್ಯಾವ್ದನ್ನೂ ನಂಬಬಾರ್ದು ಅಂತ ಇದೆ. ಸಾಯ್ತಿರೋರನ್ನ ಮಂಚದಿಂದ ನೆಲಕ್ಕೆ ಇಳಿಸ್ಬೇಡಿ, ಹೊತ್ತು ಗೊತ್ತು ನೋಡದೆ ಸಂಸ್ಕಾರ ಮಾಡಿ, ಸುಟ್ಟ ಜಾಗದಲ್ಲಿ ಸ್ಮಾರಕ ಕಟ್ಟಬೇಡಿ ಅಂತನೂ ಇದೆ. ಸುಧಾರಕರ ಭಾಷೆ ಕೆಲವು ಸಲ ಒರಟು, ಹೆಂಗಸರು ತಮ್ಮದೇ ಅಂತ ಇಟ್ಕೊಂಡಿದ್ದ ಎಷ್ಟೋ ಹಾಡು ಹಬ್ಬಗಳು ಇದೇ ಭರಾಟೇಲಿ ಹೋದವು ಅನ್ನೋದೂ ನಿಜ. ಆದ್ರೆ ಸಿಯಾಣಾನ ಹತ್ರ ದುಡ್ಡು ಕಳ್ಕೊಂಡ ಮನೆಗಳ ಕಡೆಯಿಂದ ನೋಡಿದ್ರೆ ಆ ಪಟ್ಟಿ ಎಷ್ಟು ಉದ್ದ ಇದ್ರೂ ಸಾಲದು ಅನ್ಸತ್ತೆ.

ಇನ್ನು ಸಿಮರನ್, ಅಂದ್ರೆ ದೇವರ ನಾಮ ನೆನೆಯೋದು. ಇದನ್ನ ಧ್ಯಾನ ಅಂತ ಅನುವಾದ ಮಾಡಿದ ತಕ್ಷಣ ಜನ ಕಣ್ಮುಚ್ಚಿ ಪದ್ಮಾಸನ ಹಾಕೋದನ್ನ ಕಲ್ಪಿಸ್ಕೋತಾರೆ. ನಾನಕರು ಸಿದ್ಧಯೋಗಿಗಳ ಜೊತೆ ಮಾತಾಡಿದ್ದೇ ಸಿಧ್ ಗೋಷ್ಟ್ ಅಂತ ಒಂದು ದೊಡ್ಡ ರಚನೆ ಇದೆ, ಮನೆ ಬಿಟ್ಟು ಗುಹೇಲಿ ಕೂತು ಉಸಿರು ಕಟ್ಟೋದು ಬೇಕಿಲ್ಲ ಅನ್ನೋದು ಅವರ ನಿಲುವು. ಸಿಖ್ಖರ ದಿನಚರಿ ಹೀಗಿರತ್ತೆ: ಬೆಳಗಿನ ಜಾವ, ಅದಕ್ಕೆ ಅಮೃತ್ ವೇಳಾ ಅಂತಾರೆ, ಎದ್ದು ಸ್ನಾನ ಮಾಡಿ ವಾಹೆಗುರು ಅಂತ ನಾಮ ಜಪ, ಆಮೇಲೆ ಜಪ್‌ಜೀ, ಜಾಪ್, ಸವಯ್ಯೆ ಓದೋದು, ಸಂಜೆ ರೆಹರಾಸ್, ಮಲಗೋ ಮುಂಚೆ ಸೋಹಿಲಾ. ಜೋರಾಗಿ ಹೇಳ್ಬೋದು, ಮೆಲ್ಲಗೆ ಹೇಳ್ಬೋದು, ಉಸಿರಿನ ಜೊತೆ ಹೇಳ್ಬೋದು. ಟ್ರ್ಯಾಕ್ಟರ್ ಮೇಲೆ ಕೂತೂ ಹೇಳ್ಬೋದು, ರೊಟ್ಟಿ ತಟ್ತಾನೂ ಹೇಳ್ಬೋದು. ಅದರ ಗುರಿ ಹೌಮೈ, ಅಂದ್ರೆ ನಾನು ನಾನು ಅನ್ನೋದು. ಎರಡನೇ ಗುರು ಅಂಗದರು ಹೌಮೈ ಒಂದು ಹಳೇ ದೀರ್ಘ ರೋಗ, ಆದ್ರೆ ಅದರ ಔಷಧಿನೂ ಅದರೊಳಗೇ ಇದೆ ಅಂದಿದಾರೆ.

ಭಯಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ದಿನಾ ಜಪಿಸೋ ಮೂಲ ಮಂತ್ರದಲ್ಲೇ ದೇವರಿಗೆ ನಿರ್ಭಉ, ನಿರ್ವೈರು ಅಂತ ಎರಡು ವಿಶೇಷಣ ಇದಾವೆ, ಭಯ ಇಲ್ಲದವನು, ವೈರ ಇಲ್ಲದವನು. ಯಾವ್ದನ್ನ ದಿನಾ ನೆನೀತೀರೋ ನೀವು ಹಾಗೇ ಆಗ್ತೀರಿ ಅನ್ನೋದು ಗುರುಗಳ ನಂಬಿಕೆ, ಹಾಗಾಗಿ ವೈರ ಇಲ್ಲದ ದೇವರ ರಾಜ್ಯದಲ್ಲಿ ವೈರ ಸಾಧಿಸೋ ಅಜ್ಜನ ಆತ್ಮನ ಕಲ್ಪಿಸ್ಕೊಳ್ಳೋದು ಮೆಲ್ಲಗೆ ಕಷ್ಟ ಆಗ್ತಾ ಹೋಗತ್ತೆ. 1675ರಲ್ಲಿ ದಿಲ್ಲೀಲಿ ತಲೆ ಕೊಟ್ಟ ಒಂಬತ್ತನೇ ಗುರು ತೇಗ್ ಬಹಾದ್ದೂರರ ಸಲೋಕ ಇದೆ, ಭೈ ಕಾಹೂ ಕಉ ದೇತ್ ನಹಿ, ನಹಿ ಭೈ ಮಾನತ್ ಆನ್. ಯಾರಿಗೂ ಭಯ ಕೊಡಲ್ಲ, ಯಾರ ಭಯನೂ ಇಟ್ಕೊಳ್ಳಲ್ಲ, ಅಂಥವನೇ ಜ್ಞಾನಿ ಅಂತ. ಇದ್ರಲ್ಲಿ ಮೊದಲನೇ ಅರ್ಧನ ಮರೀಬೇಡಿ, ಭಯ ಕೊಡೋದು ಅಂದ್ರೆ ಸಿಯಾಣಾನ ಕಸುಬೇ ಅದು.

ನನಗೆ ಇನ್ನೊಂದು ಕಾಣೋದು ಏನಂದ್ರೆ ಎರಡೂ ಕಡೆಯ ವಾತಾವರಣದ ವ್ಯತ್ಯಾಸ. ಸಿಯಾಣಾ ಹೇಳೋದೆಲ್ಲ ಗುಟ್ಟು, ಯಾರಿಗೂ ಹೇಳ್ಬೇಡಿ, ರಾತ್ರಿ ನಾಲ್ಕು ದಾರಿ ಕೂಡೋ ಜಾಗಕ್ಕೆ ಹೋಗಿ ಇಟ್ಟು ಬನ್ನಿ, ಬರೋವಾಗ ತಿರುಗಿ ನೋಡ್ಬೇಡಿ, ಮತ್ತೆ ಆ ಚಿಕ್ಕಮ್ಮ ಇದಾಳಲ್ಲ ಅವಳೇ ಏನೋ ಮಾಡ್ಸಿದಾಳೆ. ಹಿಂಗೆ ಒಂದು ಮನೆ ಒಡೆದುಹೋಗತ್ತೆ, ಭಯ ಇದ್ದವರು ಇನ್ನೂ ಒಂಟಿ ಆಗ್ತಾರೆ. ಗುರುದ್ವಾರದಲ್ಲಿ ಲೈಟ್ ಹಾಕಿರ್ತಾರೆ, ಬಾಗಿಲು ತೆಗ್ದಿರತ್ತೆ, ಹಾರ್ಮೋನಿಯಂ ತಬಲಾ ನಡೀತಿರತ್ತೆ, ಎಲ್ರೂ ಒಂದೇ ನೆಲದ ಮೇಲೆ ಕೂತಿರ್ತಾರೆ, ಮುಗಿದ್ಮೇಲೆ ಪಂಕ್ತೀಲಿ ಕೂತು ದಾಲ್ ರೊಟ್ಟಿ. ನಿದ್ದೆ ಬಾರದ ಆ ಸೊಸೆನ ಲಂಗರ್ ಅಡುಗೆಮನೆಗೆ ಕರ್ಕೊಂಡು ಹೋಗಿ ಹತ್ತು ಜನ ಹೆಂಗಸರ ನಡುವೆ ಹಿಟ್ಟು ನಾದೋಕೆ ಕೂರಿಸಿದ್ರೆ ಅರ್ಧ ಭಾರ ಇಳಿಯತ್ತೆ, ಇದಕ್ಕೆ ದೊಡ್ಡ ಥಿಯರಿ ಏನೂ ಬೇಕಿಲ್ಲ.

ಆದ್ರೆ ಸಿಮರನ್ ಅನ್ನೋದನ್ನೇ ಮಂತ್ರವಾದದ ಜಾಗಕ್ಕೆ ತಂದು ಕೂರಿಸೋರು ತುಂಬಾ ಜನ. ಇಂಥ ಕಷ್ಟಕ್ಕೆ ಇಂಥ ಶಬದ್, ಅಂದ್ರೆ ಗುರು ಗ್ರಂಥದ ಪದ, ಇಷ್ಟು ಸಲ ಓದಿ ಅಂತ ಸಂಕಟ ಮೋಚನ ಪುಸ್ತಿಕೆಗಳು ಸಿಗ್ತಾವೆ, ಕೋರ್ಟ್ ಕೇಸಿಗೊಂದು, ಮದ್ವೆಗೊಂದು. ಅಖಂಡ ಪಾಠ, ಅಂದ್ರೆ ಗುರು ಗ್ರಂಥನ ನಿಲ್ಲಿಸದೆ ಪೂರ್ತಿ ಓದೋದು, ನಡೆಯೋವಾಗ ಪಕ್ಕದಲ್ಲಿ ನೀರು ತುಂಬಿದ ಕುಂಭ, ತುಪ್ಪದ ಜ್ಯೋತಿ, ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ ಇಟ್ಟು, ಮುಗಿದ್ಮೇಲೆ ಆ ನೀರನ್ನ ಮನೆ ಮೂಲೆ ಮೂಲೆಗೂ ಚಿಮುಕಿಸ್ತಾರೆ, ರೆಹತ್ ಮರ್ಯಾದಾದಲ್ಲಿ ಕುಂಭ, ಜೋತ್, ನಾರಿಯಲ್ ಇಡೋದು ಮನಮತ್, ಅಂದ್ರೆ ಮನಸ್ಸಿಗೆ ಬಂದಂಗೆ ಮಾಡಿದ್ದು, ಗುರುವಿನ ಮತ ಅಲ್ಲ ಅಂತ ಹೆಸರಿಟ್ಟೇ ಬರೆದಿದಾರೆ. ಯಾಕೆ ಹೆಸರಿಡಬೇಕಾಯ್ತು ಅಂದ್ರೆ ಎಲ್ಲಾ ಕಡೆ ನಡೀತಿತ್ತು ಅದಕ್ಕೇ. ಚೌಪಾಯಿ ಸಾಹಿಬ್ ಅನ್ನೋ ಪ್ರಾರ್ಥನೆ ಅಂತೂ ರಕ್ಷಾಕವಚ ಅಂತಾನೇ ಪ್ರಸಿದ್ಧಿ, ಅದು ಕೈಕೊಟ್ಟು ರಕ್ಷಿಸು ಅಂತ ಶುರು ಆಗೋದು ನಿಜ, ಆದ್ರೆ ಅದರ ಮುಂದೇನೇ ಇರೋದು ನನ್ನ ಮನಸ್ಸು ನಿನ್ನ ಪಾದದಲ್ಲಿ ನಿಲ್ಲಲಿ ಅನ್ನೋ ಬೇಡಿಕೆ. ಬೇಡೋದಕ್ಕೂ ಕಟ್ಟು ಹಾಕೋದಕ್ಕೂ ವ್ಯತ್ಯಾಸ ಇದೆ ಸ್ವಾಮಿ. ವಾಹೆಗುರು ಅಂದ್ರೆ ದೆವ್ವ ಓಡತ್ತೆ ಅಂತ ನಂಬಿ ಜಪಿಸೋನ ತಲೇಲಿ ದಿನಾ ಕೂತಿರೋದು ದೆವ್ವನೇ, ವಾಹೆಗುರು ಅಲ್ಲ.

ನಮ್ಮ ಬೀದರ್ ಕಡೆ ಬಂದ್ರೂ ಈ ಎಳೆದಾಟ ಕಾಣತ್ತೆ. ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಕುಡಿಯೋ ನೀರಿಗೆ ಕಷ್ಟ ಇತ್ತು, ಅವರು ಕಲ್ಲು ಸರಿಸಿದಾಗ ಸಿಹಿನೀರಿನ ಝರಿ ಉಕ್ಕಿತು ಅನ್ನೋ ನಂಬಿಕೆ ಮೇಲೆ ನಿಂತಿರೋದು ನಾನಕ್ ಝೀರಾ ಸಾಹಿಬ್. 1699ರಲ್ಲಿ ಹತ್ತನೇ ಗುರು ಗೋವಿಂದ ಸಿಂಗರ ಮುಂದೆ ತಲೆ ಕೊಡೋಕೆ ಎದ್ದು ನಿಂತ ಪಂಜ್ ಪ್ಯಾರೆಗಳಲ್ಲಿ, ಅಂದ್ರೆ ಐದು ಜನ ಪ್ರಿಯರಲ್ಲಿ, ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು, ಕ್ಷೌರಿಕ ಕುಲದವರು. ಅಲ್ಲಿಗೆ ಹೋದವರು ನೋಡಿರ್ತೀರಿ, ಒಳಗೆ ಕೀರ್ತನ್ ನಡೀತಿದ್ರೆ ಹೊ‍ರಗೆ ಜನ ಕ್ಯಾನು ಬಾಟಲಿಗೆ ಝರಿ ನೀರು ತುಂಬಿಸ್ಕೊಂಡು ರೋಗಕ್ಕೆ ಒಳ್ಳೇದು ಅಂತ ಊರಿಗೆ ಒಯ್ತಾರೆ. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ನಾನಕರಿಗಿಂತ ಮುನ್ನೂರು ವರ್ಷ ಮುಂಚೆ ಶರಣರು ಪಂಚಸೂತಕ ಇಲ್ಲ ಅಂತ ಸಾರಿದ್ರು, ಈಗ ಆ ಕಡೆನೂ ಪಿತೃದೋಷಕ್ಕೆ ಪರಿಹಾರ ಹೇಳೋ ಟಿವಿ ಜ್ಯೋತಿಷಿಗಳಿಗೆ ಏನೂ ಬರ ಇಲ್ಲ.

ರೋಗದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗೇ ಹೇಳ್ತೀನಿ. ಹಿಮಾಚಲದ ಊನಾ ಜಿಲ್ಲೆ ಮೈಡೀಲಿ ಬಾಬಾ ವಡಭಾಗ್ ಸಿಂಗರ ಜಾಗ ಇದೆ, ಹೋಳಿ ಹೊತ್ತಿಗೆ ದೊಡ್ಡ ಮೇಳ, ಗಾಳಿ ಹಿಡ್ದಿದೆ ಅಂತ ಪಂಜಾಬಿಂದ ಎಷ್ಟೋ ಜನನ ಅಲ್ಲಿಗೆ ಕರ್ಕೊಂಡು ಹೋಗ್ತಾರೆ, ಹೆಂಗಸರು ತಲೆ ತೂಗ್ತಾ ಕಿರುಚ್ತಾ ಇರ್ತಾರೆ, ಅದಕ್ಕೆ ಖೇಡ್ನಾ, ಆಡೋದು ಅಂತ ಕರೀತಾರೆ. ಕೆಲವರಿಗೆ ಅಲ್ಲಿ ಮನಸ್ಸು ಹಗುರ ಆಗ್ಬೋದು. ಆದ್ರೆ ಸ್ಕಿಜೋಫ್ರೇನಿಯಾ, ಮೂರ್ಛೆರೋಗ, ಬಾಣಂತನದ ಡಿಪ್ರೆಶನ್ ಇರೋರನ್ನ ವರ್ಷಗಟ್ಟಲೆ ಹಿಂಗೇ ತಿರುಗಿಸಿದ್ರೆ ಹಾಳಾಗೋದು ಅವರ ಜೀವನ. ಗುರುಗಳ ಮಾದರಿ ಇದಲ್ಲ. ಐದನೇ ಗುರು ಅರ್ಜನರ ಒಬ್ಬನೇ ಮಗ ಹರಗೋವಿಂದನಿಗೆ ಎಳೇ ವಯಸ್ಸಲ್ಲಿ ಸಿಡುಬು ಬಂದಾಗ ಸೀತಲಾಗೆ ಹರಕೆ ಹೊರಿ ಅಂತ ಸುತ್ತಮುತ್ತಲಿನವರು ಹೇಳಿದ್ರಂತೆ, ಅವರು ಹೊರಲಿಲ್ಲ, ಮಗು ಹುಷಾರಾದ್ಮೇಲೆ ಬರೆದ ಪದ ಗುರು ಗ್ರಂಥದಲ್ಲಿದೆ, ಭ್ರಮೆ ಹೋಯ್ತು, ಸೀತಲೆಯಿಂದ ಆ ಬಿಹಾರಿ ದೇವರೇ ಕಾಪಾಡಿದ ಅಂತ. ಅವರೇ ತರನ್ ತಾರನ್‌ನಲ್ಲಿ ಕುಷ್ಠರೋಗಿಗಳಿಗೆ ಆಸರೆ ಮಾಡಿದ್ರು. 1664ರಲ್ಲಿ ದಿಲ್ಲೀಲಿ ಸಿಡುಬು ಹಬ್ಬಿದಾಗ ಇನ್ನೂ ಎಂಟು ವರ್ಷ ತುಂಬದ ಗುರು ಹರಕೃಷ್ಣರು ರೋಗಿಗಳ ಸೇವೆ ಮಾಡ್ತಾ ಅದೇ ರೋಗಕ್ಕೆ ತೀರ್ಕೊಂಡ್ರು. ಅರ್ದಾಸ್, ಅಂದ್ರೆ ಪ್ರಾರ್ಥನೆ, ಮಾಡಿ, ಜೊತೆಗೆ ಡಾಕ್ಟರ್ ಹತ್ರನೂ ಕರ್ಕೊಂಡು ಹೋಗಿ, ಎರಡಕ್ಕೂ ಜಗಳ ಇಲ್ಲ. ದೆವ್ವ ಬಿಡಿಸ್ತೀನಿ ಅಂತ ಕಟ್ಟಿಹಾಕೋದು ಹೊಡಿಯೋದು ನಮ್ಮ ಕರ್ನಾಟಕದಲ್ಲಿ 2017ರ ಕಾಯ್ದೆ ಪ್ರಕಾರ ಅಪರಾಧ, 2020ರಿಂದ ಜಾರಿಯಲ್ಲಿದೆ.

ಹಾಗಾದ್ರೆ ಜಠೇರೆಗೆ ಹೋಗೋದೇ ತಪ್ಪಾ ಅಂತ ಕೇಳಿದ್ರೆ, ನಿಷ್ಠ ಸಿಖ್ಖರು ತಪ್ಪು ಅಂತಾರೆ, ಅಮೃತ ತಗೊಂಡವನಿಗೆ, ಅಂದ್ರೆ ಸಿಖ್ ದೀಕ್ಷೆ ಪಡೆದವನಿಗೆ, ಗುರು ಗೋವಿಂದ ಸಿಂಗರೇ ತಂದೆ, ಆನಂದಪುರವೇ ಊರು, ಹಳೇ ಗೋತಿನ ಮೂಲಪುರುಷನ ಹಂಗು ಇನ್ನೇಕೆ ಅನ್ನೋದು ಅವರ ಮಾತು, ಸಿದ್ಧಾಂತದ ಪ್ರಕಾರ ಅದು ಸರಿ. ಇನ್ನು ಕೆಲವರು ನೆನಪಿಗೆ ಅಂತ ಹೋಗ್ತೀವಿ, ಬೇಡೋಕಲ್ಲ ಅಂತಾರೆ. ನಾನಾದ್ರೆ ಎರಡೇ ಪ್ರಶ್ನೆ ಕೇಳ್ತೀನಿ, ಹೋಗದಿದ್ರೆ ಕೆಟ್ಟದ್ದಾಗತ್ತೆ ಅಂತ ಯಾರಾದ್ರೂ ಹೆದರಿಸ್ತಿದಾರಾ, ಆ ಹೆದರಿಕೆಗೆ ಯಾರಾದ್ರೂ ರೇಟ್ ಫಿಕ್ಸ್ ಮಾಡಿದಾರಾ. ಎರಡಕ್ಕೂ ಇಲ್ಲ ಅಂದ್ರೆ ಅದು ಫ್ಯಾಮಿಲಿ ಗೆಟ್‌ಟುಗೆದರ್, ಜಗಳ ಆಡೋಕೆ ಏನಿದೆ.

ಇಷ್ಟಕ್ಕೂ ಪೂರ್ತಿ ಶುದ್ಧ ಅಂತ ಯಾರೂ ಇಲ್ಲ. ಸತ್ತವರ ಬೂದಿಯಿಂದ ಅಸ್ಥಿ ಆರಿಸಿ ಗಂಗೆಗೋ ಪತಾಲಪುರಿಗೋ ಒಯ್ದು ಬಿಡೋದು ಮನಮತ್, ಹತ್ರದ ಹರಿಯೋ ನೀರಿಗೆ ಬಿಡಿ ಇಲ್ಲಾ ಅಲ್ಲೇ ಮಣ್ಣಲ್ಲಿ ಹೂತು ನೆಲ ಸಮ ಮಾಡಿ ಅಂತ ರೆಹತ್ ಮರ್ಯಾದಾ ಹೇಳತ್ತೆ. ಕೀರತ್‌ಪುರದ ಸತಲುಜ್ ದಂಡೆ ಮೇಲೆ ಪತಾಲಪುರಿ ಸಾಹಿಬ್ ಗುರುದ್ವಾರಕ್ಕೆ ಯಾವ ದಿನ ಬೇಕಾದ್ರೂ ಹೋಗಿ ನೋಡಿ, ಲುಧಿಯಾನಾ, ಜಲಂಧರ್, ವ್ಯಾಂಕೂವರಿಂದ ಬಂದ ಕುಟುಂಬಗಳು ಕೆಂಪು ಬಟ್ಟೇಲಿ ಕಟ್ಟಿದ ಗಂಟು ಹಿಡ್ಕೊಂಡು ನಿಂತಿರ್ತಾವೆ, ಅರ್ದಾಸ್ ಮಾಡೋಕೆ ಗುರು ಗ್ರಂಥ ಓದೋ ಗ್ರಂಥಿನೂ ಅಲ್ಲೇ ಸಿಗ್ತಾರೆ, ಆ ಗುರುದ್ವಾರ ನಡೆಸೋದು ನಡಾವಳಿ ಬರೆದ ಅದೇ ಕಮಿಟಿ.